ಯಾ

ಹಿದ್ದ್‌ನ ಡ್ರೈಡಾಕಿನಲ್ಲಿ ನನ್ನ ಕೆಲಸ ಕೂರುವುದು.
ನಗಬೇಡಿ. ಹಡಗಿನ ಹೊಟ್ಟೆಗೊಂದು ತೂತು, ಎರಡಡಿ ಅಗಲ.
ಅದರ ಬಾಯಲ್ಲಿ ಮಗುಚಿದ ಬಣ್ಣದ ಡಬ್ಬ,
ಡಬ್ಬದ ಮೇಲೆ ನಾನು, ತೊಡೆಯ ಮೇಲೆ ಹಲಗೆ,
ಹಲಗೆಯ ಮೊಳೆಗಳಲ್ಲಿ ಒಳಗಿಳಿದವರ ಬಿಲ್ಲೆ.
ಇಳಿದಷ್ಟು ಮಂದಿ ಹತ್ತಿ ಬರಬೇಕು. ಅಷ್ಟೇ ಗಣಿತ.
ಅಷ್ಟಕ್ಕೇ ಸಂಬಳ.

ಜುಲೈ. ಹನ್ನೆರಡಕ್ಕೆ ಬಿಸಿಲ ಕೆಲಸ ನಿಲ್ಲಬೇಕು, ಕಟ್ಟಳೆ.
ಹನ್ನೊಂದೂ ಮುಕ್ಕಾಲಿಗೆ ಹಾಗಾಗಿ ಎಲ್ಲರಿಗೂ ಅವಸರ.
ತೂತು ಮುಚ್ಚಿ, ಟ್ಯಾಂಕಿಗೆ ನೀರು ಬಿಟ್ಟು,
ಬೆಸುಗೆ ಎಲ್ಲಿ ಅಳುತ್ತದೆಂದು ನೋಡಬೇಕಿತ್ತು ಹೆನ್ನಿಂಗ್ ಸಾಹೇಬನಿಗೆ.
ಜರ್ಮನಿಯವನು, ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುವವನು.
ವಾಕಿಟಾಕಿ ಒತ್ತಿ ಕೇಳಿದ: ಆಲ್ ಔಟ್?

ಒಳಗಿನಿಂದ ಬಂತು: ಯಾ—
ಆಮೇಲೆ ಬರೀ ಕರಕರ.

ಅವನ ಊರಲ್ಲಿ ಯಾ ಎಂದರೆ ಹೌದು.
ಹೆಬ್ಬೆರಳೆತ್ತಿದ. ಮಿರ್ಜಾ ಮುಚ್ಚಳ ಉರುಳಿಸಿಕೊಂಡು ಬಂದ.

ನನ್ನ ಹಲಗೆಯಲ್ಲಿ ಒಂದು ಬಿಲ್ಲೆ. ಹದಿನೇಳು.
ಬಿಲ್ಲೆಗಳು ಸುಳ್ಳು ಹೇಳುತ್ತವೆ, ಅದೂ ಗೊತ್ತು:
ಮೊನ್ನೆ ಒಬ್ಬ ಇನ್ನೊಂದು ತೂತಿನಿಂದ ಹತ್ತಿ
ಕ್ಯಾಂಟೀನಿನಲ್ಲಿ ದಾಲ್ ತಿನ್ನುತ್ತಿದ್ದ;
ಅವನಿಗಾಗಿ ಇಡೀ ಡಾಕು ನಿಲ್ಲಿಸಿದ್ದಕ್ಕೆ
ನಾನು ಬೈಸಿಕೊಂಡ ಬೈಗುಳ ಇನ್ನೂ ಕಿವಿಯಲ್ಲಿ ಬಿಸಿ.
ಹಾಗಾಗಿ ಎದ್ದು ನಿಂತವನು ನಿಂತೇ ಇದ್ದೆ,
ಬೋಲ್ಟುಗಳ ತಗಡಿನ ತಟ್ಟೆ ಕೈಯಲ್ಲಿ.

ಆದರೆ ಆ ದನಿ.
ಅದು ತಲೆಯಾಡಿಸುವ ಯಾ ಆಗಿರಲಿಲ್ಲ.
ಮೂಲ್ಕಿಯಲ್ಲಿ ರಾತ್ರಿ ಯಾರೋ ಕದ ಬಡಿದಾಗ
ಅಮ್ಮ ಒಳಗಿನಿಂದ ಏರ್ ಎಂದರೆ
ಮಳೆಗೆ ತೊಯ್ದ ಮಾವ ಹೇಳುತ್ತಿದ್ದನಲ್ಲ,
ಯಾನ್.
ಹಾಗಿತ್ತು. ಕೊನೆಯ ನಕಾರ ಸೋರಿಹೋದ ಯಾನ್.
(ನಕಾರ ಹೋದರೆ ಉಳಿಯುವುದು ಹೌದು ತಾನೆ?
ಇದು ಹೊಳೆದದ್ದು ಆಮೇಲೆ, ಬಸ್ಸಿನಲ್ಲಿ.)

ತೂತಿಗೆ ತಲೆ ಹಾಕಿ ಕೂಗಿದೆ: ಯಾರು?
ಕನ್ನಡದಲ್ಲಿ. ಯಾಕೆ ಕನ್ನಡದಲ್ಲಿ, ಗೊತ್ತಿಲ್ಲ.
ತುಳು ಕಿವಿ ಕೇಳಿತು, ಶಾಲೆಯ ನಾಲಿಗೆ ಮೇಷ್ಟರ ಹಾಗೆ ವಿಚಾರಿಸಿತು.
ಕತ್ತಲೆ ನನ್ನ ಯಾರನ್ನು ಒಂದು ಸುತ್ತು ತಿರುಗಿಸಿ
ಅರ್ಧವನ್ನಷ್ಟೇ ವಾಪಸು ಕೊಟ್ಟಿತು: ಯಾ.
ಅದು ನನ್ನದೋ ಅವನದೋ.
ಮಿರ್ಜಾ ಮಾತ್ರ ಕಾಯಲಿಲ್ಲ. ಯಾ ಅಲ್ಲಾ ಎಂದವನೇ
ಮುಚ್ಚಳವನ್ನು ಎತ್ತಲೋ ಒದ್ದ; ಕಾಲ ಹೆಬ್ಬೆರಳು ಕಪ್ಪಾಯಿತು.

ಲೆಶೆಕ್ ಹತ್ತಿ ಬಂದ, ನಿಧಾನ,
ಒಂದೇ ಕಿವಿಯ ಕನ್ನಡಕ ಹಿಡಿದು.
ಪಕ್ಕೆಲುಬಿನಂಥ ಪಟ್ಟಿಗಳ ನಡುವೆ ಅದು ಬಿದ್ದಿತ್ತಂತೆ,
ತಡವುತ್ತ ಕೂತಿದ್ದನಂತೆ.

ನೆರಳಿನಲ್ಲಿ ಲಬನ್ ಕುಡಿಯುತ್ತ ಬಿಡಿಸಿ ಹೇಳಿದ
ಪೋಲೆಂಡಿನ ತನ್ನ ಆ ಮಾತನ್ನು:
ಯಾ ಯೆಶ್ಚೆ ತು.
ನಾನು, ಇನ್ನೂ, ಇಲ್ಲೇ.
ಮೂರರಲ್ಲಿ ಎರಡನ್ನು ಉಕ್ಕು ನುಂಗಿತ್ತು.
ಹೆನ್ನಿಂಗ್ ತನ್ನ ಲೋಟ ಮುಟ್ಟಲಿಲ್ಲ.
ಎರಡು ಸಲ ಬಾಯಿ ತೆರೆದ, ಬಂದದ್ದು
ಅದೇ ಅಕ್ಷರ, ಈ ಸಲ ಯಾವ ಅರ್ಥವೂ ಇಲ್ಲದೆ.

ಮರುದಿನ ನೋಟೀಸು: ವಾಕಿಟಾಕಿಯಲ್ಲಿ ಆ ಶಬ್ದ ನಿಷಿದ್ಧ,
ಹೆಸರು ಮತ್ತು ನಂಬರು ಮಾತ್ರ ಹೇಳತಕ್ಕದ್ದು.
ಆರು ಭಾಷೆಗಳಲ್ಲಿ ಬರೆದು ಅಂಟಿಸಿದ್ದರು. ನನ್ನವು ಎರಡೂ ಇರಲಿಲ್ಲ.
ಮಿರ್ಜಾ ಕೆಳಗೇ ನಿಂತು ಕರೆದ,
ಯಾ ವಾಮನ್, ಚಾ ಆರುತ್ತಿದೆ.

ನನ್ನ ಫೋನಿನ ಗಾಜು ಆ ಗಲಾಟೆಯಲ್ಲೇ ಒಡೆದಿತ್ತು.
ರಾತ್ರಿ ಲೆಶೆಕನದು ಇಸಿದುಕೊಂಡು ಮನೆಗೆ ಹಚ್ಚಿದೆ.
ಗುರುತಿಲ್ಲದ ನಂಬರು ನೋಡಿ ಸುಗುಣ
ಅನುಮಾನದಲ್ಲೇ ಎತ್ತಿದಳು: ಏರ್?

ಬಾಯಿ ತೆರೆದೆ.
ಪಕ್ಕದ ಮಂಚದಲ್ಲಿ ಲೆಶೆಕ್
ಕನ್ನಡಕದ ಕಿವಿಗೆ ತಂತಿ ಸುತ್ತುತ್ತಿದ್ದವನು
ತಲೆಯೆತ್ತಿ ನೋಡಿದ.